ಅಪ್‌ಡೇಟ್: ಕೊನೆಗೆ ಬೂದು ಪ್ರೈಮರ್ ತಗೊಂಡೆ
ಪುಟಾಣಿ ರೆಸಿನ್ ಓಬವ್ವನ ಗೊಂಬೆಗೆ ಕಪ್ಪು ಸ್ಪ್ರೇ ಪ್ರೈಮರ್ (ಬಣ್ಣ ಹಚ್ಚುವ ಮೊದಲು ಹೊಡೆಯುವ ತಳಪದರ) ಹೊಡೆಯಲೋ ಬಿಳಿಯೋ ಅಂತ ಕೇಳಿದ್ದೆನಲ್ಲ, ಎರಡೂ ಬಿಟ್ಟು ಬೂದು ತಗೊಂಡೆ. ಚಿತ್ರದುರ್ಗದಲ್ಲಿ ಸಿಕ್ಕಿದ್ದು ಕಾರಿಗೆ ಹೊಡೆಯುವ ಮ್ಯಾಟ್ ಪ್ರೈಮರ್. ರೆಸಿನ್‌ಗೆ ಏನೂ ಆಗಲಿಲ್ಲ. ಪ್ಲಾಸ್ಟಿಕ್ ಗೊಂಬೆಯಾದರೆ ಮೊದಲು ಬೇಡದ ತುಂಡಿನ ಮೇಲೆ ಹೊಡೆದು ನೋಡಿ, ಕೆಲವು ಸ್ಪ್ರೇಗಳ ಥಿನ್ನರ್ ಪ್ಲಾಸ್ಟಿಕ್ಕನ್ನೇ ಕರಗಿಸುತ್ತದೆ.

ಇಲ್ಲಿನ ಗಾಳಿ ಗೊತ್ತಲ್ಲ, ಗುಡ್ಡದ ಮೇಲೆ ಗಾಳಿಯಂತ್ರಗಳನ್ನು ಸುಮ್ನೆ ನಿಲ್ಲಿಸಿಲ್ಲ! ಅದಕ್ಕೇ ತಾರಸಿಯಲ್ಲಿ ರಟ್ಟಿನ ಡಬ್ಬ ಅಡ್ಡ ಮಲಗಿಸಿ, ಗೊಂಬೆಯನ್ನು ಅದರೊಳಗಿಟ್ಟು, ಬೆಳಿಗ್ಗೆಯೇ ಹೊಡೆದೆ. ಸುಮಾರು 25 ಸೆಂ.ಮೀ. ದೂರದಿಂದ, ತೆಳ್ಳಗೆ. ಬಿಸಿಲು ಜಾಸ್ತಿಯಾದರೆ ಹನಿ ಗಾಳಿಯಲ್ಲೇ ಒಣಗಿ ಗೊಂಬೆಯ ಮೈ ಮರಳು ಮರಳಾಗುತ್ತದೆ.

ಸೀರೆಯ ನೆರಿಗೆ ಒಂದೂ ಮುಚ್ಚಿಲ್ಲ. ಒನಕೆ ಹಿಡಿದ ಬೆರಳುಗಳೂ ಬಿಡಿಬಿಡಿಯಾಗಿ ಕಾಣುತ್ತಿವೆ. ಸೀರೆಯ ಕೆಂಪು ಎದ್ದು ಕಾಣಲು ಕೆಳಗೆ ಬಿಳಿ ಪ್ರೈಮರ್ರೇ ಬೇಕು ಅಂದವರಿಗೆ: ಮೇಲಿನಿಂದ ಸ್ವಲ್ಪ ಬಿಳಿಯನ್ನೂ ಹೊಡೆದಿದ್ದೇನೆ, ಸಮಾಧಾನ ಆಯ್ತಲ್ವಾ?