ಆಟಿಸಂ ಇರುವ 15ರ ಹುಡುಗ, ಶಾಲೆಯಿಂದ ಮಕ್ಕಳ ರಕ್ಷಣಾ ಇಲಾಖೆ ಸಿಪಿಎಸ್‌ಗೆ ಫೋನ್ (ಕ್ಯಾಲಿಫೋರ್ನಿಯಾ): ಬಾಗಿಲು ತೆರೆಯಬೇಕೇ?

ತುಂಗಾತೀರ:
ಸಾಂಟಾ ಕ್ಲಾರಾ ಕೌಂಟಿಯ ಒಂದು ಕನ್ನಡ ಮನೆಯವರ ಪರವಾಗಿ ಕೇಳುತ್ತಿದ್ದೇನೆ. ಹುಡುಗನಿಗೆ ಮಾತು ಬರುವುದಿಲ್ಲ, ಟ್ಯಾಬ್ಲೆಟ್‌ನಲ್ಲಿ ಚಿತ್ರ ಒತ್ತಿ ಬೇಕು ಬೇಡ ಹೇಳುತ್ತಾನೆ. ರೇಗಿದರೆ ಮುಂಗೈ ಕಚ್ಚಿಕೊಳ್ಳುತ್ತಾನೆ, ಗೋಡೆಗೆ ತಲೆ ಚಚ್ಚಿಕೊಳ್ಳುತ್ತಾನೆ. ಮಣಿಕಟ್ಟಿನಲ್ಲಿ ಕಂದಿದ ಗುರುತು ನೋಡಿ ಶಾಲೆಯವರು ದೂರು ಕೊಟ್ಟಿದ್ದಾರೆ. ಕೌಂಟಿಯ ಸೋಶಿಯಲ್ ವರ್ಕರ್ ಬಂದು ಬಾಗಿಲಿಗೆ ಕಾರ್ಡ್ ಸಿಕ್ಕಿಸಿ ಹೋಗಿದ್ದಾರೆ. ಹುಡುಗ ರಾತ್ರಿ ಎದ್ದು ರಸ್ತೆಗೆ ಓಡುತ್ತಾನೆಂದು ಅವನ ಕೋಣೆಗೆ ಹೊರಗಿನಿಂದ ಚಿಲಕ ಹಾಕಿಸಿದ್ದಾರೆ. ಸ್ನಾನ ಮಾಡಿಸುವುದು ತಂದೆಯೇ. ಊರಿಂದ ಅಜ್ಜಿ ಬಂದಿದ್ದಾರೆ. ಮನೆಯವರಿರುವುದು ಎಚ್-1ಬಿ ಎಂಬ ಕೆಲಸದ ವೀಸಾ ಮೇಲೆ. ಏನು ಮಾಡಬೇಕು, ಯಾವ ಕ್ರಮದಲ್ಲಿ?

ಜೋಳದರೊಟ್ಟಿ:
ಮೊದಲಿಗೆ, ಶಾಲೆಯವರ ಮೇಲಿನ ಸಿಟ್ಟು ಬದಿಗಿಡಲಿ. ಅನುಮಾನ ಬಂದ ತಕ್ಷಣ ಟೀಚರ್ ಫೋನ್ ಮಾಡಲೇಬೇಕು, 36 ಗಂಟೆಯೊಳಗೆ ಬರಹದಲ್ಲೂ ಕೊಡಬೇಕು. ಕೊಡದಿದ್ದರೆ ಅವರಿಗೇ 6 ತಿಂಗಳವರೆಗೆ ಜೈಲು ಅಥವಾ 1,000 ಡಾಲರ್‌ವರೆಗೆ ದಂಡ. ಗುರುತು ಯಾಕಾಯಿತು ಎಂದು ಪತ್ತೆ ಮಾಡುವುದು ಅವರ ಕೆಲಸವಲ್ಲ.

ದೂರಿನ ತೀವ್ರತೆ ನೋಡಿಕೊಂಡು ಕೌಂಟಿ ತಕ್ಷಣ ಬರುತ್ತದೆ, ಇಲ್ಲವೇ 10 ದಿನದೊಳಗೆ. ಕಾರ್ಡ್ ಇಟ್ಟು ಹೋಗಿದ್ದಾರೆಂದರೆ ಬಹುಶಃ ಎರಡನೆಯ ಬಗೆ. ವಿಚಾರಣೆ ಸಾಮಾನ್ಯವಾಗಿ 30 ದಿನದಲ್ಲಿ ಮುಗಿಯಬೇಕು. ಕೊನೆಗೆ ಮೂರರಲ್ಲಿ ಒಂದು ಷರಾ: ಆಧಾರವಿಲ್ಲ, ತೀರ್ಮಾನಿಸಲಾಗದು, ದೃಢಪಟ್ಟಿದೆ. ಹಲ್ಲೆ ಅಥವಾ ತೀವ್ರ ನಿರ್ಲಕ್ಷ್ಯ ದೃಢಪಟ್ಟರೆ ತಂದೆ ತಾಯಿಯ ಹೆಸರು ಮಕ್ಕಳ ಮೇಲಿನ ದೌರ್ಜನ್ಯದ ರಾಜ್ಯ ಪಟ್ಟಿಗೆ (ಚೈಲ್ಡ್ ಅಬ್ಯೂಸ್ ಸೆಂಟ್ರಲ್ ಇಂಡೆಕ್ಸ್) ಹೋಗುತ್ತದೆ. ಆಗ ಮನೆಗೆ ನೋಟಿಸ್ ಬರುತ್ತದೆ, ಅದನ್ನು ಪ್ರಶ್ನಿಸಲು 30 ದಿನ. ಎಷ್ಟೋ ಜನ ಆ ಕಾಗದವನ್ನು ಕೇಸ್ ಮುಗಿದ ಪತ್ರ ಅಂದುಕೊಂಡು ಡ್ರಾಯರ್‌ಗೆ ಹಾಕಿಬಿಡುತ್ತಾರೆ.

ಬಾಗಿಲಿನ ವಿಷಯ. ಒಪ್ಪಿಗೆ, ಕೋರ್ಟ್ ವಾರಂಟ್ ಅಥವಾ ಮಗುವಿಗೆ ಆ ಗಳಿಗೆಯ ಅಪಾಯ, ಈ ಮೂರರಲ್ಲಿ ಒಂದಿಲ್ಲದೆ ಒಳಗೆ ಬರುವಂತಿಲ್ಲ. 1999ರಲ್ಲಿ ಕ್ಯಾಲಿಫೋರ್ನಿಯಾದ್ದೇ ಒಂದು ಮೊಕದ್ದಮೆಯಲ್ಲಿ ಒಂಬತ್ತನೇ ಸರ್ಕ್ಯೂಟ್ ಕೋರ್ಟ್ (ಈ ಭಾಗದ ಫೆಡರಲ್ ಮೇಲ್ಮನವಿ ಕೋರ್ಟ್) ಇದನ್ನು ಸ್ಪಷ್ಟವಾಗಿ ಹೇಳಿದೆ. ಆದರೆ ಹಕ್ಕಿದೆ ಎಂದು ಬಾಗಿಲು ಬಡಿದು ಮುಚ್ಚುವುದು ಜಾಣತನವಲ್ಲ. ಕಾರ್ಡ್‌ನಲ್ಲಿರುವ ನಂಬರಿಗೆ ಇವತ್ತೇ ಫೋನ್ ಮಾಡಿ, "ಸಹಕರಿಸುತ್ತೇವೆ, ವಕೀಲರ ಜೊತೆ ಮಾತಾಡಿ ಇಂಥ ದಿನ ಸಿಗುತ್ತೇವೆ" ಎಂದು ಎರಡು ಮೂರು ದಿನದೊಳಗಿನ ಸಮಯ ಹೇಳಲಿ. ಹುಡುಗನ ಮೈಮೇಲೆ ಹೊಸ ಗಾಯವಿದ್ದರೆ ಮಾತ್ರ ಎಳೆದಾಡಬಾರದು, ಅದನ್ನೇ "ಆ ಗಳಿಗೆಯ ಅಪಾಯ" ಎನ್ನಬಹುದು.

ಮಾತುಕತೆಯನ್ನು ಕದ್ದು ರೆಕಾರ್ಡ್ ಮಾಡಬೇಡಿ. ಎರಡೂ ಕಡೆ ಒಪ್ಪದೆ ಖಾಸಗಿ ಮಾತು ರೆಕಾರ್ಡ್ ಮಾಡಿದರೆ ಇಲ್ಲಿ ಅಪರಾಧ. ಬಂದವರ ಹೆಸರು, ಸಮಯ, ಕೇಳಿದ್ದು, ಹೇಳಿದ್ದು, ಎಲ್ಲ ಅವರು ಹೋದ ಮೇಲೆ ಬರೆದಿಡಿ.

ನೀರ್‌ದೋಸೆ:
ಕಾನೂನಿನ ಭಾಗ ಮೇಲೆ ಬಂತು. ನಾನು ಮನೆಯೊಳಗಿನದ್ದು ಹೇಳುತ್ತೇನೆ, ಎಡವಟ್ಟು ಹೆಚ್ಚಾಗಿ ಆಗುವುದು ಅಲ್ಲೇ.

ಗುರುತು: ಕಚ್ಚಿಕೊಂಡ ಗಾಯ ಅವನದೇ ಹಲ್ಲಿನ ಅಳತೆಯದ್ದು, ಅವನ ಬಾಯಿಗೆ ಎಟುಕುವ ಕಡೆಯೇ ಇರುತ್ತದೆ. ಮಣಿಕಟ್ಟಿನ ಸುತ್ತ ಬೆರಳಚ್ಚಿನಂತೆ ಇದ್ದರೆ ಅದು ಯಾರೋ ಹಿಡಿದದ್ದು. ತಲೆ ಚಚ್ಚಿಕೊಳ್ಳುವಾಗ ತಡೆಯಲು ಹಿಡಿದಿದ್ದರೆ ಹಾಗೇ ಹೇಳಬೇಕು: ಯಾರು, ಎಷ್ಟು ಹೊತ್ತು, ಬಿಟ್ಟಾಗ ಏನಾಯಿತು. "ಗೊತ್ತಿಲ್ಲ, ಎಲ್ಲೋ ಬಿದ್ದಿರಬೇಕು" ಅಂದರೆ ಗಾಯಕ್ಕೂ ವಿವರಣೆಗೂ ತಾಳೆಯಾಗುವುದಿಲ್ಲ. ಅಧಿಕಾರಿಗಳು ಮೊದಲು ಹುಡುಕುವುದೇ ಆ ತಾಳೆ. ಇವತ್ತೇ ಮಕ್ಕಳ ಡಾಕ್ಟರ ಹತ್ತಿರ ಕರೆದೊಯ್ದು, ತನಗೆ ತಾನೇ ಗಾಯ ಮಾಡಿಕೊಳ್ಳುವ ಚರಿತ್ರೆಯ ಜೊತೆ ದಾಖಲೆ ಮಾಡಿಸಲಿ. ಚಿಕ್ಕಂದಿನಲ್ಲಿ ಊರಲ್ಲಿ ಕಾಮಾಲೆಗೋ ಫಿಟ್ಸಿಗೋ ಬರೆ ಹಾಕಿಸಿದ ಕಲೆಯಿದ್ದರೆ ಅದನ್ನೂ ಬರೆಸಿ, ಇಲ್ಲಿಯವರ ಕಣ್ಣಿಗೆ ಅದು ಸುಟ್ಟ ಗಾಯ.

ಶಾಲೆಯಲ್ಲೂ ಕಚ್ಚಿಕೊಳ್ಳುತ್ತಾನಾದರೆ ಅಲ್ಲಿನ ಘಟನಾ ವರದಿಗಳು, ನರ್ಸ್ ಬರೆದಿಟ್ಟದ್ದು, ಐಇಪಿ (ಅವನಿಗೆಂದೇ ಮಾಡಿದ ವಿಶೇಷ ಶಿಕ್ಷಣದ ಯೋಜನೆ), ಬಿಹೇವಿಯರ್ ಪ್ಲಾನ್ ಎಲ್ಲ ಇಮೇಲ್‌ನಲ್ಲಿ ಕೇಳಿ. 5 ಕೆಲಸದ ದಿನದೊಳಗೆ ಕೊಡಬೇಕು. ಇದಕ್ಕಿಂತ ಗಟ್ಟಿ ಸಾಕ್ಷಿ ಮತ್ತೊಂದಿಲ್ಲ.

ಚಿಲಕ: ತೆಗೆಸಿ. ಬೆಂಕಿ ಬಿದ್ದರೆ ಹೊರಬರಲಾಗದ ಕೋಣೆಯನ್ನು ಯಾವ ಅಧಿಕಾರಿಯೂ ಒಪ್ಪುವುದಿಲ್ಲ, ಒಪ್ಪಬಾರದು ಕೂಡ. ಅದರ ಬದಲು ಅವನ ಬಾಗಿಲಿಗೂ ಹೊರಬಾಗಿಲಿಗೂ ತೆರೆದರೆ ಕೂಗುವ ಅಲಾರಂ, ಹಾಸಿಗೆ ಪಕ್ಕ ಕಾಲಿಟ್ಟರೆ ಸದ್ದಾಗುವ ಮ್ಯಾಟ್, ಬಟ್ಟೆಗೆ ಜಿಪಿಎಸ್. ತಮ್ಮನೋ ತಂಗಿಯೋ ಇದ್ದರೆ ಅವರ ಕೋಣೆಗೆ ಒಳಗಿನಿಂದ ಚಿಲಕ ಇರಲಿ. ಹುಡುಗ ಅವರನ್ನು ಹೊಡೆದು, ಅಪ್ಪ ಅಮ್ಮ ಏನೂ ವ್ಯವಸ್ಥೆ ಮಾಡಿಲ್ಲವೆಂದರೆ ಆ ಮಗುವಿನ ಹೆಸರಲ್ಲಿ ಇನ್ನೊಂದು ಕೇಸ್.

ಸ್ನಾನ: 15ರ ಹುಡುಗನಿಗೆ ತಂದೆ ಸ್ನಾನ ಮಾಡಿಸುತ್ತಾರೆಂದರೆ ನಮಗೆ ಸಹಜ, ಫೈಲಿನಲ್ಲಿ ಓದುವವರಿಗಲ್ಲ. ಯಾವ ಹಂತಕ್ಕೆ ಕೈಸಹಾಯ ಬೇಕು ಎಂದು ಆಕ್ಯುಪೇಶನಲ್ ಥೆರಪಿಸ್ಟರಿಂದ (ದಿನನಿತ್ಯದ ಕೆಲಸ ಮಾಡಿಕೊಳ್ಳಲು ಕಲಿಸುವವರು) ಒಂದು ಪುಟ ಬರೆಸಿಕೊಳ್ಳಿ.

ಅಜ್ಜಿ: "ಎರಡು ಬಿಟ್ರೆ ಸರಿ ಹೋಗ್ತಾನೆ" ಎನ್ನುವುದು ನಮ್ಮಲ್ಲಿ ಬರೀ ಬಾಯಿಮಾತು. ಅನುವಾದವಾದರೆ ಹೇಳಿಕೆ. ಅಜ್ಜಿಗೂ ಅಮ್ಮನಿಗೂ ಕನ್ನಡ ದುಭಾಷಿ ಬೇಕೆಂದು ಮುಂಚೆಯೇ ಕೇಳಿ. ಉಚಿತವಾಗಿ ಕೊಡಬೇಕು, ಫೋನ್ ಮೂಲಕವಾದರೂ. ಅಪ್ಪನೇ ಅನುವಾದ ಮಾಡಲು ಕೂರಬಾರದು.

ತುಂಗಾತೀರ:
ತುಂಬಾ ಉಪಕಾರವಾಯಿತು. ಈಗ ಚಿಲಕ ತೆಗೆದರೆ ಸಾಕ್ಷಿ ಮುಚ್ಚಿಟ್ಟ ಹಾಗೆ ಆಗುವುದಿಲ್ಲವೇ? ಮತ್ತೆ, ಶಾಲೆಯಲ್ಲಿ ಒಬ್ಬ ಸಹಾಯಕಿ ಹುಡುಗನ ಕೈ ಹಿಡಿದು ಟೈಪ್ ಮಾಡಿಸುತ್ತಾರಂತೆ. ಅವನ ಹೇಳಿಕೆಯನ್ನೂ ಹಾಗೇ ತೆಗೆದುಕೊಂಡರೆ?

ನೀರ್‌ದೋಸೆ:
ತೆಗೆದು ಸುಮ್ಮನಿದ್ದರೆ ಮುಚ್ಚಿಟ್ಟಂತೆ. ತೆಗೆದು, "ಇತ್ತು, ಇಂಥ ಕಾರಣಕ್ಕೆ ಹಾಕಿದ್ದೆವು, ಇಂಥ ತಾರೀಖು ತೆಗೆದೆವು, ಈಗ ಇದು ವ್ಯವಸ್ಥೆ" ಎಂದು ಅಲಾರಂ ತೋರಿಸಿದರೆ ತಿದ್ದಿಕೊಂಡಂತೆ. ವಕೀಲರಿಗೆ ಮೊದಲು ಹೇಳಿ, ತೆಗೆಯುವ ಮುನ್ನ ಫೋಟೋ ಇರಲಿ.

ಹಾಲುಬಾಯಿ:
ಎರಡನೇ ಪ್ರಶ್ನೆಗೆ. ಅದಕ್ಕೆ ಫೆಸಿಲಿಟೇಟೆಡ್ ಕಮ್ಯುನಿಕೇಶನ್ ಎನ್ನುತ್ತಾರೆ. ಕೈ ಹಿಡಿದವರೇ ತಮಗರಿವಿಲ್ಲದೆ ಅಕ್ಷರ ಆರಿಸುತ್ತಿರುತ್ತಾರೆ. ಅಮೆರಿಕದ ಮಾತು ಮತ್ತು ಶ್ರವಣ ತಜ್ಞರ ಸಂಘ ಇದನ್ನು ಬಳಸಬೇಡಿ ಎಂದು 2018ರಲ್ಲಿ ಹೇಳಿದೆ. 2007ರಲ್ಲಿ ಮಿಶಿಗನ್‌ನಲ್ಲಿ ಆಟಿಸಂ ಇರುವ ಹದಿಹರೆಯದ ಹುಡುಗಿಯೊಬ್ಬಳು ಹೀಗೆ "ಟೈಪ್ ಮಾಡಿದ" ಆರೋಪದ ಮೇಲೆ ತಂದೆ 80 ದಿನ ಜೈಲಲ್ಲಿದ್ದರು. ಕೋರ್ಟಿನಲ್ಲಿ ಸಹಾಯಕಿಯನ್ನು ಹೊರಗೆ ಕಳಿಸಿ ಪ್ರಶ್ನೆ ಕೇಳಿ, ಆಮೇಲೆ ಅವರನ್ನು ಒಳಗೆ ಕರೆದು ಟೈಪ್ ಮಾಡಿಸಿದಾಗ ಬಂದ ಉತ್ತರಗಳಿಗೆ ತಲೆಬುಡವಿರಲಿಲ್ಲ. 2008ರಲ್ಲಿ ಕೇಸ್ ಬಿದ್ದುಹೋಯಿತು.

ಆದ್ದರಿಂದ ಈಗಲೇ ಶಾಲೆಗೆ ಒಂದು ಇಮೇಲ್ ಕಳಿಸಿ: ಹುಡುಗ ತಾನೇ ಬೆರಳಿಟ್ಟು ಒತ್ತುವ ಟ್ಯಾಬ್ಲೆಟ್ ಮಾತ್ರ ಅವನ ಭಾಷೆ, ಅದರಲ್ಲಿ ಇಷ್ಟೇ ಚಿತ್ರಗಳಿವೆ, ಹೌದು ಅಲ್ಲ ಪ್ರಶ್ನೆಗೆ ಕೊನೆಯ ಪದವನ್ನೇ ಒತ್ತುವ ಅಭ್ಯಾಸವಿದ್ದರೆ ಅದನ್ನೂ ಬರೆಯಿರಿ. ಶಾಲೆಯಲ್ಲಿ ಮಗುವಿನ ಜೊತೆ ಮಾತಾಡಲು ಸಿಪಿಎಸ್‌ನವರು ತಂದೆ ತಾಯಿಗೆ ಮುಂಚೆ ತಿಳಿಸಬೇಕಿಲ್ಲ, ಹಾಗಾಗಿ ಪತ್ರ ಅವರಿಗಿಂತ ಮೊದಲು ತಲುಪಬೇಕು. ಹೇಳಿಕೆಯ ವೇಳೆ ಶಾಲೆಯ ಸಿಬ್ಬಂದಿಯಲ್ಲಿ ತನಗಿಷ್ಟದ ಒಬ್ಬರನ್ನು ಜೊತೆಗೆ ಕೂರಿಸಿಕೊಳ್ಳುವ ಹಕ್ಕು ಮಗುವಿಗೆ ಇದೆ. ಸ್ಪೀಚ್ ಥೆರಪಿಸ್ಟ್ ಆದರೆ ಒಳ್ಳೆಯದು.

ಜೋಳದರೊಟ್ಟಿ:
ಬಿಟ್ಟುಹೋದ ಮೂರು ಮಾತು.

ಒಂದು, ಸಿಪಿಎಸ್‌ನವರು ಸೇಫ್ಟಿ ಪ್ಲಾನ್ (ಮಗುವಿನ ಸುರಕ್ಷತೆಯ ಒಪ್ಪಂದ) ಎಂದು ಕಾಗದ ಕೊಟ್ಟು ತಂದೆ ಮನೆ ಬಿಟ್ಟಿರಲಿ ಎಂದರೆ, ಅದರಲ್ಲಿ ಕೊನೆಯ ತಾರೀಖು ಬರೆದಿಲ್ಲದಿದ್ದರೆ ಸಹಿ ಹಾಕಬೇಡಿ. ಎಚ್-1ಬಿ ಇರುವುದರಿಂದ ವಲಸೆ ವಕೀಲರೂ ಬೇಕು. ಸಿಪಿಎಸ್ ಷರಾ ಶಿಕ್ಷೆಯಲ್ಲ, ಆದರೆ ಮಕ್ಕಳ ಮೇಲಿನ ದೌರ್ಜನ್ಯದ ಕ್ರಿಮಿನಲ್ ಶಿಕ್ಷೆಯಾದರೆ ಗಡೀಪಾರಿಗೆ ಅದೇ ಕಾರಣ. ಆ ಕೇಸಿನಲ್ಲಿ ವಲಸೆ ವಕೀಲರನ್ನು ಕೇಳದೆ ಯಾವ ತಪ್ಪೊಪ್ಪಿಗೆಗೂ ಹೋಗಬಾರದು.

ಎರಡು, ದಣಿದ ತಾಯಿ ಎಮರ್ಜೆನ್ಸಿ ವಾರ್ಡಿನಲ್ಲಿ "ನನ್ನ ಕೈಲಾಗಲ್ಲ, ನೀವೇ ಇಟ್ಕೊಳ್ಳಿ" ಅಂದು ಕರೆದೊಯ್ಯದೆ ಹೋದರೆ ಅದು ನಿರ್ಲಕ್ಷ್ಯದ ಕೇಸಾಗಬಹುದು. ಅದಕ್ಕಿರುವ ದಾರಿ ರೀಜನಲ್ ಸೆಂಟರ್ (ಬೆಳವಣಿಗೆಯ ತೊಂದರೆ ಇರುವವರಿಗೆ ಸೇವೆ ಕೊಡಿಸುವ ಸಂಸ್ಥೆ), ಈ ಕೌಂಟಿಗೆ ಸ್ಯಾನ್ ಆಂಡ್ರಿಯಾಸ್. ವೀಸಾ ಅಡ್ಡಿಯಲ್ಲ. ಈಗಾಗಲೇ ಹೆಸರಿದ್ದರೆ ಯೋಜನಾ ಸಭೆ ಬೇಕೆಂದು ಬರೆದುಕೊಡಿ: ಮಾಮೂಲಿಗೆ 30 ದಿನ, ಆರೋಗ್ಯ ಅಥವಾ ಸುರಕ್ಷತೆಯ ಪ್ರಶ್ನೆಯೆಂದರೆ 7 ದಿನದೊಳಗೆ ಕರೆಯಬೇಕು. ಕೆಲವು ಗಂಟೆ ಬಿಡುವು ಕೊಡುವ ಸಹಾಯಕರಿಂದ ಹಿಡಿದು ಹೊರಗೆ ವಾಸದ ವ್ಯವಸ್ಥೆಯವರೆಗೆ ಅಲ್ಲಿ ಕೇಳಬಹುದು. ಮಗುವಿನ ಮೇಲಿನ ಹಕ್ಕು ಬಿಟ್ಟುಕೊಡಬೇಕಿಲ್ಲ.

ಮೂರು, ಕೌಂಟಿಯವರು ಹುಡುಗನನ್ನು ಕರೆದೊಯ್ದೇ ಬಿಟ್ಟರೆ ಕೋರ್ಟಿನ ರಜಾದಿನ ಬಿಟ್ಟು 48 ಗಂಟೆಯೊಳಗೆ ಅವರೇ ಕೋರ್ಟಿಗೆ ಅರ್ಜಿ ಹಾಕಬೇಕು, ಹಾಕಿದ ಮರು ಕೆಲಸದ ದಿನ ವಿಚಾರಣೆ. ಹಣವಿಲ್ಲದಿದ್ದರೆ ಕೋರ್ಟೇ ವಕೀಲರನ್ನು ಕೊಡುತ್ತದೆ. ಆಗ ಅವನನ್ನು ಇರಿಸಿಕೊಳ್ಳಬಹುದಾದ, ಅವನನ್ನು ಬಲ್ಲ ಎರಡು ಮೂರು ಮನೆಗಳ ಹೆಸರು, ವಿಳಾಸ, ಫೋನ್ ಇವತ್ತೇ ಬರೆದಿಡಿ. ರಕ್ತಸಂಬಂಧವೇ ಬೇಕೆಂದಿಲ್ಲ, ಮನೆಮಂದಿಯಂತೆ ಬಳಕೆಯಿರುವ ಸ್ನೇಹಿತರೂ ನಡೆಯುತ್ತದೆ. ಜೊತೆಗೆ ಒಂದು ಹಾಳೆ: ಅವನು ಮುಟ್ಟುವ ನಾಲ್ಕೈದು ಊಟ, ಔಷಧಿಯ ಹೆಸರು ಮತ್ತು ಹೊತ್ತು, ಟ್ಯಾಬ್ಲೆಟ್ ಚಾರ್ಜರ್ ಎಲ್ಲಿದೆ, ಏನು ಮಾಡಿದರೆ ಕಚ್ಚಿಕೊಳ್ಳುವುದು ನಿಲ್ಲುತ್ತದೆ. ಫ್ರಿಜ್ ಮೇಲೆ ಒಂದು ಪ್ರತಿ, ಅಮ್ಮನ ಕೈಚೀಲದಲ್ಲಿ ಒಂದು.