ಪಿಕಪ್‌ಗೆ ಪಿಕಪ್ಪೇ ಇಲ್ಲ! 1972ರ ಸಿ10ಗೆ ಕ್ಯಾಮ್ ಬದಲಿಸಲೋ, ಗೇರ್‌ಬಾಕ್ಸ್ ಬದಲಿಸಲೋ?

ಹಳೇಗಾಡಿ_ಡೆನ್ವರ್

ನಮಸ್ಕಾರ ಎಲ್ಲರಿಗೂ. ಹೋದ ಬೇಸಿಗೆಯಲ್ಲಿ ಹ್ಯೂಸ್ಟನ್ ಹತ್ತಿರ ಒಂದು 1972ರ ಶೆವ್ರೊಲೆ ಸಿ10 ಪಿಕಪ್ ತಗೊಂಡೆ. ಲಾಂಗ್ ಬೆಡ್ (ಉದ್ದ ತೊಟ್ಟಿ), 350 ವಿ8 ಎಂಜಿನ್, ಟರ್ಬೊ 350 ಆಟೋಮ್ಯಾಟಿಕ್ ಗೇರ್‌ಬಾಕ್ಸ್, ಮೇಲೆ ಎಡೆಲ್‌ಬ್ರಾಕ್ 1406 ಕಾರ್ಬ್ಯುರೇಟರ್. ಹಿಂದಿನ ಮಾಲೀಕರು ಪಾಯಿಂಟ್ ಡಿಸ್ಟ್ರಿಬ್ಯೂಟರ್ ತೆಗೆದು ಎಚ್‌ಇಐ (ಪಾಯಿಂಟ್ ಇಲ್ಲದ ಎಲೆಕ್ಟ್ರಾನಿಕ್ ಡಿಸ್ಟ್ರಿಬ್ಯೂಟರ್) ಹಾಕಿಸಿದ್ದಾರೆ. ಅಲ್ಲಿ ಊರೊಳಗೆ ಒಂದು ಸುತ್ತು ಓಡಿಸಿದಾಗ ಚೆನ್ನಾಗೇ ಎಳೆಯುತ್ತಿತ್ತು. ಟ್ರೇಲರ್ ಮೇಲೆ ಹೇರಿಕೊಂಡು ಡೆನ್ವರ್‌ಗೆ ತಂದೆ ನೋಡಿ, ಇಲ್ಲಿ ಅದರ ವರಸೆಯೇ ಬೇರೆ.

ಗ್ಯಾರೇಜಿನಲ್ಲಿ ಐದು ನಿಮಿಷ ಸ್ಟಾರ್ಟ್ ಮಾಡಿಟ್ಟರೆ ಪೆಟ್ರೋಲ್ ವಾಸನೆಗೆ ಕಣ್ಣು ಉರಿಯುತ್ತದೆ. ಪ್ಲಗ್ ಬಿಚ್ಚಿದರೆ ಒಲೆ ಮೇಲಿಟ್ಟ ಪಾತ್ರೆಯ ತಳದ ಹಾಗೆ ಮಸಿ. 3,500 ಆರ್‌ಪಿಎಂ ದಾಟಿದರೆ ತಡವರಿಸುತ್ತದೆ. ವ್ಯಾಕ್ಯೂಮ್ ಗೇಜ್ (ಎಂಜಿನ್ ಗಾಳಿ ಎಳೆಯುವ ಬಲ ಅಳೆಯುವುದು) 15 ಇಂಚು ತೋರಿಸುತ್ತದೆ, 20 ಇರಬೇಕಿತ್ತು, ಎಲ್ಲೋ ಲೀಕ್ ಇದೆ ಅಂತ ಸ್ನೇಹಿತರೊಬ್ಬರು ಹೇಳಿದ್ದಕ್ಕೆ ಒಂದು ಶನಿವಾರ ಪೂರ್ತಿ ಕೂತು ಇಂಟೇಕ್ ಗ್ಯಾಸ್ಕೆಟ್ ಬದಲಿಸಿದೆ. ಈಗಲೂ 15.

ಇನ್ನೊಂದು ಕಷ್ಟ ಹೈವೇದು. 70 ಮೈಲಿ ವೇಗದಲ್ಲಿ ಟ್ಯಾಕೋಮೀಟರ್ 3,200 ತೋರಿಸುತ್ತದೆ. ಪಕ್ಕದಲ್ಲಿ ಕೂತ ಹೆಂಡತಿ ಏನು ಹೇಳುತ್ತಿದ್ದಾಳೆ ಅಂತ ಕೇಳುವುದಿಲ್ಲ (ಕೆಲವೊಮ್ಮೆ ಅನುಕೂಲವೇ). ಮಾರಿದವರು ಹಿಂದಿನ ಆಕ್ಸಲ್‌ನ ಕ್ರೌನ್ ರೇಶಿಯೋ 3.08 (ಶಾಫ್ಟ್ 3.08 ಸುತ್ತಿಗೆ ಚಕ್ರ ಒಂದು ಸುತ್ತು) ಅಂದಿದ್ದರು. ಟೈರ್ 28 ಇಂಚು.

ಇಲ್ಲಿನ ಒಂದು ವರ್ಕ್‌ಶಾಪ್‌ನವರು ದೊಡ್ಡ ಕ್ಯಾಮ್ (ವಾಲ್ವ್ ತೆರೆಯುವ ಶಾಫ್ಟ್) ಹಾಕಿ, ನಾಲ್ಕು ಗೇರಿನ 700ಆರ್4 ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಕೂರಿಸಿ ಅನ್ನುತ್ತಾರೆ. ಕೈಯಲ್ಲಿ ಇರುವುದು 2,500 ಡಾಲರ್. ಮೊದಲು ಯಾವುದಕ್ಕೆ ಹಾಕಲಿ?

---

ಗ್ರೀಸ್‌ಕೈ

ಮೊದಲು ಒಂದು ಡಾಲರೂ ಬಿಚ್ಚಬೇಡಿ ಸರ್.

ನಿಮ್ಮ ಗಾಡಿಯಲ್ಲಿ ಲೀಕ್ ಇಲ್ಲ. ಡೆನ್ವರ್ 5,280 ಅಡಿ ಎತ್ತರದಲ್ಲಿದೆ, ಅಂದರೆ ನಮ್ಮ ನಂದಿ ಬೆಟ್ಟದ ತುದಿಗಿಂತ ಮೇಲೆ. ಸಾವಿರ ಅಡಿ ಹತ್ತಿದರೆ ವ್ಯಾಕ್ಯೂಮ್ ಸುಮಾರು ಒಂದು ಇಂಚು ಇಳಿಯುತ್ತದೆ. ಸಮುದ್ರಮಟ್ಟದ ಹತ್ತಿರ ಇರುವ ಹ್ಯೂಸ್ಟನ್‌ನಲ್ಲಿ 20 ಇದ್ದದ್ದು ಡೆನ್ವರ್‌ನಲ್ಲಿ 15 ಆಗಲೇಬೇಕು. ಆ ಗೇಜ್ ನಿಮಗೆ ಎಂಜಿನ್ ಆರೋಗ್ಯವಾಗಿದೆ ಅಂತ ಹೇಳುತ್ತಿತ್ತು, ನೀವು ಸುಮ್ನೆ ಗ್ಯಾಸ್ಕೆಟ್ ಕಿತ್ತು ಹಾಕಿದಿರಿ.

ವಾಸನೆ, ಮಸಿ ಎರಡಕ್ಕೂ ಅದೇ ಕಾರಣ. ಗಾಳಿ ತೆಳು, ಕಾರ್ಬ್ಯುರೇಟರ್‌ಗೆ ಅದು ಗೊತ್ತಾಗುವುದಿಲ್ಲ, ಸಮುದ್ರಮಟ್ಟದ ಲೆಕ್ಕದಲ್ಲೇ ಪೆಟ್ರೋಲ್ ಸುರಿಯುತ್ತಿದೆ. 1406 ಜೊತೆ ಬರುವುದು 98ರ ಪ್ರೈಮರಿ ಜೆಟ್ (ಪೆಟ್ರೋಲ್ ಹಾಯುವ ತೂತು), 95ರ ಸೆಕೆಂಡರಿ. ಅವರದೇ ಕ್ಯಾಲಿಬ್ರೇಶನ್ ಕಿಟ್ ಸಿಗುತ್ತದೆ, ಜೊತೆಗೆ ಬರುವ ಚಾರ್ಟ್ ನೋಡಿ ಒಂದೆರಡು ಹೆಜ್ಜೆ ಲೀನ್ (ಪೆಟ್ರೋಲ್ ಕಡಿಮೆ) ಕಡೆಗೆ ಹೋಗಿ. ಈ ಕಾರ್ಬ್‌ನಲ್ಲಿ ನನಗೆ ಇಷ್ಟವಾಗುವುದು ಅದರ ಮೀಟರಿಂಗ್ ರಾಡ್, ಅಂದರೆ ಜೆಟ್ ತೂತಿನೊಳಗೆ ಕೂರುವ ಕಡ್ಡಿ. ಮೇಲಿನ ಚಿಕ್ಕ ಮುಚ್ಚಳದ ಸ್ಕ್ರೂ ಸಡಿಲ ಮಾಡಿ ಪಕ್ಕಕ್ಕೆ ಸರಿಸಿದರೆ ಸ್ಪ್ರಿಂಗ್ ಸಮೇತ ರಾಡ್ ಮೇಲೆ ಬರುತ್ತದೆ. ಕಾರ್ಬ್ ಬಿಚ್ಚುವ ಕೆಲಸವೇ ಇಲ್ಲ. ದಪ್ಪ ರಾಡ್ ಹಾಕಿದಷ್ಟೂ ಪೆಟ್ರೋಲ್ ಕಡಿಮೆ. ಜೆಟ್ ಬದಲಿಸುವಾಗ ಹೇಗೂ ಮೇಲ್ಭಾಗ ಬಿಚ್ಚುತ್ತೀರಿ, ಆಗ ಫ್ಲೋಟ್ 7/16 ಇಂಚು ಇದೆಯಾ ಅಂತಲೂ ನೋಡಿಬಿಡಿ. ಪಂಪಿನ ಪ್ರೆಶರ್ ಆರು ಪಿಎಸ್‌ಐ ಆಸುಪಾಸು ಸಾಕು, ಜಾಸ್ತಿ ಇದ್ದರೆ ನೀವು ಎಷ್ಟು ಜೆಟ್ ಬದಲಿಸಿದರೂ ವಾಸನೆ ಹೋಗುವುದಿಲ್ಲ.

ಆಮೇಲೆ ಟೈಮಿಂಗ್, ಅಂದರೆ ಸ್ಪಾರ್ಕ್ ಎಷ್ಟು ಮುಂಚೆ ಬರಬೇಕು ಅನ್ನುವುದು. ಡಿಸ್ಟ್ರಿಬ್ಯೂಟರಿನ ವ್ಯಾಕ್ಯೂಮ್ ಪೈಪ್ ಕಳಚಿ, ಬಾಯಿ ಮುಚ್ಚಿ, 3,000 ಆರ್‌ಪಿಎಂಗೆ ಏರಿಸಿ ಟೈಮಿಂಗ್ ಲೈಟ್ ಹಿಡಿಯಿರಿ. ಒಟ್ಟು 34ರಿಂದ 36 ಡಿಗ್ರಿ ಬರಬೇಕು. ಐಡಲ್‌ನಲ್ಲಿ ಎಷ್ಟು ಬರುತ್ತದೋ ಬರಲಿ, 12ರ ಹತ್ತಿರ ಇರುತ್ತದೆ. ಪೈಪನ್ನು ನೇರ ಮ್ಯಾನಿಫೋಲ್ಡ್ ವ್ಯಾಕ್ಯೂಮ್‌ಗೆ ಕೊಡಿ. ಇದರ ಬಗ್ಗೆ ಜಗಳ ಆಡುವವರು ಬರುತ್ತಾರೆ, ಬರಲಿ.

ಕ್ಯಾಮ್ ಮಾತ್ರ ಬೇಡವೇ ಬೇಡ. ದೊಡ್ಡ ಕ್ಯಾಮ್ ಕೆಳಗಿನ ಎಳೆತ ತಿಂದು ಮೇಲಿನ ಆರ್‌ಪಿಎಂಗೆ ಕೊಡುತ್ತದೆ, ಐಡಲ್ ವ್ಯಾಕ್ಯೂಮ್ ಇನ್ನೂ ಇಳಿಸುತ್ತದೆ. ನಿಮ್ಮಲ್ಲಿ ಇರುವುದೇ 15. ಅದೇ ವ್ಯಾಕ್ಯೂಮ್‌ನಿಂದ ನಡೆಯುವ ಪವರ್ ಬ್ರೇಕ್ ಬೂಸ್ಟರ್‌ಗೆ ಏನು ಉಳಿಯುತ್ತದೆ? ಜೊತೆಗೆ ಫ್ಲ್ಯಾಟ್ ಟ್ಯಾಪೆಟ್ ಕ್ಯಾಮ್ ಅಂದರೆ ಝಿಂಕ್ ಇರುವ ಆಯಿಲ್ ಹಾಕಿ, ಮೊದಲ ಸ್ಟಾರ್ಟ್‌ನಲ್ಲೇ 2,000ದ ಮೇಲೆ ಇಪ್ಪತ್ತು ನಿಮಿಷ ಓಡಿಸಬೇಕು. ಅದರಲ್ಲಿ ಎಡವಿದರೆ ಕ್ಯಾಮಿನ ಉಬ್ಬು (ಲೋಬ್) ಸವೆದು ಆ ಚೂರೆಲ್ಲ ಬೇರಿಂಗ್‌ಗೆ ಹೋಗುತ್ತದೆ.

---

ಡೆಲ್ಕೋ_ರಾಜಾಜಿನಗರ

ಬೆಂಗಳೂರಿಂದ ಬರೆಯುತ್ತಿದ್ದೇನೆ. ಸಿ10 ನಾನು ಮುಟ್ಟಿಲ್ಲ, ನಮ್ಮದೆಲ್ಲ ಹಳೇ ಜೀಪು, ಅಂಬಾಸಡರ್. ಆದರೆ ಆ 3,500ರ ತಡವರಿಕೆ ನನಗೆ ಪೆಟ್ರೋಲಿನ ಸಮಸ್ಯೆ ಅನ್ನಿಸುತ್ತಿಲ್ಲ, ಕರೆಂಟಿನದು.

ನಮ್ಮಲ್ಲಿ ಡಿಸ್ಟ್ರಿಬ್ಯೂಟರ್ ಯಾವ ಕಂಪನಿಯದಾದರೂ ಮೆಕ್ಯಾನಿಕ್‌ಗಳಿಗೆ ಅದು ಡೆಲ್ಕೋನೇ. ನಿಮ್ಮ ಗಾಡಿಯಲ್ಲಿ ಇದ್ದದ್ದು ಅಸಲಿ ಡೆಲ್ಕೊ ರೆಮಿ, ಅದನ್ನೇ ತೆಗೆದಿದ್ದಾರೆ. ಇರಲಿ. ಪಾಯಿಂಟ್ ಇದ್ದ ಗಾಡಿಯಲ್ಲಿ ಕಾಯಿಲ್‌ಗೆ ಪೂರ್ತಿ 12 ವೋಲ್ಟ್ ಹೋದರೆ ಪಾಯಿಂಟ್ ಸುಟ್ಟುಹೋಗುತ್ತದೆ ಅಂತ ನಡುವೆ ಒಂದು ರೆಸಿಸ್ಟೆನ್ಸ್ ವೈರ್ ಕೊಟ್ಟಿರುತ್ತಾರೆ. ಎಚ್‌ಇಐಗೆ ಪೂರ್ತಿ 12 ಬೇಕು. ಎಷ್ಟೋ ಜನ ಹೊಸ ಡಿಸ್ಟ್ರಿಬ್ಯೂಟರ್ ಕೂರಿಸಿ ಹಳೇ ವೈರನ್ನೇ ಸಿಕ್ಕಿಸಿಬಿಡುತ್ತಾರೆ. ಕ್ರ್ಯಾಂಕ್ ಮಾಡುವಾಗ ಸ್ಟಾರ್ಟರ್ ಕಡೆಯಿಂದ ಬೇರೆ ದಾರಿಯಲ್ಲಿ ನೇರ ಕರೆಂಟ್ ಬರುತ್ತದೆ, ಅದಕ್ಕೇ ಸ್ಟಾರ್ಟ್ ಆಗುವಾಗ ತೊಂದರೆ ಕಾಣುವುದಿಲ್ಲ. ಓಡುವಾಗ ಸ್ಪಾರ್ಕ್ ಸಾಯುತ್ತದೆ.

ಎಂಜಿನ್ ಓಡುತ್ತಿರುವಾಗ ಕ್ಯಾಪಿನ ಬ್ಯಾಟ್ ಅಂತ ಬರೆದಿರುವ ಕಡೆ ಮೀಟರ್ ಹಿಡಿಯಿರಿ. ವೈರ್ ಕಳಚಿ ನೋಡಬೇಡಿ, ಲೋಡ್ ಇಲ್ಲದಿದ್ದರೆ ಸುಳ್ಳು ಹೇಳುತ್ತದೆ. 9, 10 ಬಂದರೆ ಕಳ್ಳ ಸಿಕ್ಕ ಹಾಗೆ. ಫ್ಯೂಸ್ ಬಾಕ್ಸಿನ ಇಗ್ನಿಶನ್ ಟರ್ಮಿನಲ್‌ನಿಂದ ದಪ್ಪ ವೈರ್ ಒಂದು ಹೊಸದಾಗಿ ಎಳೆಯಿರಿ.

---

ಓವರ್‌ಡ್ರೈವ್_ಗೌಡ

ಎಂಜಿನ್ ಬಗ್ಗೆ ಇಬ್ಬರೂ ಹೇಳಿದ್ದಾರೆ, ನಾನು ಕೆಳಗಿನದಕ್ಕೆ ಬರುತ್ತೇನೆ.

ಅಣ್ಣಾ, ನಿಮ್ಮ ಕ್ರೌನ್ 3.08 ಅಲ್ಲ. ಲೆಕ್ಕ ಹಾಕಿ ನೋಡಿ: ಮೈಲಿ ವೇಗವನ್ನು ಕ್ರೌನ್ ರೇಶಿಯೋದಿಂದ, ಅದನ್ನು 336ರಿಂದ ಗುಣಿಸಿ, ಟೈರ್ ಇಂಚಿನಿಂದ ಭಾಗಿಸಿ. 3.08 ಆಗಿದ್ದರೆ 70ಕ್ಕೆ 2,587 ಬರಬೇಕು. 3.73 ಆದರೆ 3,133. ಟಾರ್ಕ್ ಕನ್ವರ್ಟರ್ (ಎಂಜಿನ್, ಗೇರ್‌ಬಾಕ್ಸ್ ನಡುವಿನ ಆಯಿಲ್ ಜೋಡಣೆ) ಸ್ವಲ್ಪ ಜಾರುತ್ತದೆ, ಸೇರಿಸಿದರೆ ನಿಮ್ಮ 3,200. ಮಾರಿದವರಿಗೆ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಹೇಳಿದರೋ.

ನನ್ನ ಮಾತು ನಂಬಬೇಡಿ, ಎಣಿಸಿ. ಹಿಂದಿನ ಒಂದು ಚಕ್ರ ಮಾತ್ರ ಎತ್ತಿ ಸ್ಟ್ಯಾಂಡ್ ಕೊಡಿ. ಮಿಕ್ಕ ಚಕ್ರಗಳಿಗೆ ಅಡ್ಡ ಕೊಟ್ಟು ನ್ಯೂಟ್ರಲ್‌ಗೆ ಹಾಕಿ. ಶಾಫ್ಟ್ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೀಟು ಎಳೆದು, ಎತ್ತಿದ ಚಕ್ರವನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ. ಲಾಕರ್ (ಎರಡೂ ಚಕ್ರ ಒಟ್ಟಿಗೆ ತಿರುಗುವಂತೆ ಕಟ್ಟುವುದು) ಇಲ್ಲದ ಡಿಫರೆನ್ಶಿಯಲ್ ಆದರೆ ಶಾಫ್ಟ್ ಎಷ್ಟು ಸುತ್ತು ಬರುತ್ತದೋ ಅದೇ ನಿಮ್ಮ ರೇಶಿಯೋ.

ಇದು ಯಾಕೆ ಮುಖ್ಯ ಅಂದರೆ, 3.08 ಇದ್ದಿದ್ದರೆ 700ಆರ್4 ಹಾಕುವುದು ದಂಡ. ನಾಲ್ಕನೇ ಗೇರ್ 0.70, ಹೈವೇಯಲ್ಲಿ 1,800ಕ್ಕೆ ಬಿದ್ದು ನಿಮ್ಮ ತೆಳು ಗಾಳಿಯಲ್ಲಿ ಏದುಸಿರು ಬಿಡುತ್ತಿತ್ತು. 3.73 ಇದ್ದರೆ ಸರಿಯಾಗಿ 2,190. ಮೊದಲ ಗೇರೂ 2.52 ಇದ್ದದ್ದು 3.06 ಆಗುತ್ತದೆ, ಅಂದರೆ ಎದ್ದೇಳುವಾಗಿನ ಎಳೆತವೂ ಜಾಸ್ತಿ. ಬರೀ ಕ್ರೌನನ್ನು 3.08ಕ್ಕೆ ಇಳಿಸಿದರೆ ಹೈವೇ ಶಬ್ದ ಕಡಿಮೆ ಆಗುತ್ತದೆ ನಿಜ, ಬೆಟ್ಟದ ರಸ್ತೆಯಲ್ಲಿ ಅಳುತ್ತೀರಿ.

ದುಡ್ಡು ಗೇರ್‌ಬಾಕ್ಸಿಗೆ ಮಾತ್ರ ಅಲ್ಲ ಅನ್ನುವುದು ನೆನಪಿರಲಿ. 700ಆರ್4 ಸುಮಾರು ಮೂರು ಇಂಚು ಉದ್ದ. ಕ್ರಾಸ್‌ಮೆಂಬರ್ ಹಿಂದಕ್ಕೆ ಸರಿಯಬೇಕು, ಶಾಫ್ಟ್ ಕತ್ತರಿಸಿ ಬ್ಯಾಲೆನ್ಸ್ ಮಾಡಿಸಬೇಕು. ನಿಮ್ಮದು ಲಾಂಗ್ ಬೆಡ್, ಎರಡು ತುಂಡಿನ ಶಾಫ್ಟ್ ಇರುತ್ತದೆ, ಮುಂದಿನ ತುಂಡು ಮಾತ್ರ ಕತ್ತರಿಸಿದರೆ ಸಾಕು. ನಡುವಿನ ಬೇರಿಂಗ್ ಅದೇ ಹೊತ್ತಿಗೆ ಬದಲಿಸಿಬಿಡಿ. ಎರಡೂ ಗೇರ್‌ಬಾಕ್ಸಿಗೆ 27 ಸ್ಪ್ಲೈನ್ (ಹಲ್ಲು), ಹಳೇ ಯೋಕ್ (ಶಾಫ್ಟ್ ತುದಿಯ ಕೊಂಡಿ) ನಡೆಯುತ್ತದೆ. ಬಾಕ್ಸ್ ಹುಡುಕುವಾಗ 1987ರ ನಂತರದ್ದನ್ನೇ ಹುಡುಕಿ.

ಇನ್ನು ಟಿವಿ ಕೇಬಲ್. ಟೀವಿ ಅಲ್ಲ, ಥ್ರಾಟಲ್ ವಾಲ್ವ್. ಆಕ್ಸಿಲರೇಟರ್ ಎಷ್ಟು ಒತ್ತಿದ್ದೀರಿ ಅಂತ ಗೇರ್‌ಬಾಕ್ಸಿಗೆ ಹೇಳಿ ಒಳಗಿನ ಆಯಿಲ್ ಪ್ರೆಶರ್ ಏರಿಸುವುದು ಇದೇ. ಎಡೆಲ್‌ಬ್ರಾಕ್‌ಗೆ ಅಂತಲೇ ಬರುವ ಬ್ರಾಕೆಟ್ ತಗೊಳ್ಳಿ. ತಂತಿ ಕಟ್ಟಿ ಅಡ್ಜಸ್ಟ್ ಮಾಡಿದರೆ ಸ್ವಲ್ಪ ದಿನದಲ್ಲೇ ಕ್ಲಚ್ ಪ್ಲೇಟ್ ಸುಟ್ಟು ಕರಿ. ನಾನೊಂದು ಬಾಕ್ಸ್ ಹಾಗೆ ಕಳೆದುಕೊಂಡಿದ್ದೇನೆ. ಪ್ಯಾನ್ ಬಿಚ್ಚಿದಾಗ ಬಂದ ವಾಸನೆ ಈಗಲೂ ಮೂಗಲ್ಲಿದೆ.

---

ಹಳೇಗಾಡಿ_ಡೆನ್ವರ್

ಮೂರು ವಾರ ಆಯಿತು, ಸುದ್ದಿ ಹೇಳೋಣ ಅಂತ ಬಂದೆ.

ಶಾಫ್ಟ್ ಮೂರು ಸುತ್ತು ಮುಗಿಸಿ ನಾಲ್ಕನೆಯದರಲ್ಲಿ ಮುಕ್ಕಾಲಿಗೆ ಚೂರು ಹಿಂದೆ ನಿಂತಿತು. 3.73. ಗೌಡ್ರೇ, ನಮಸ್ಕಾರ ನಿಮಗೆ.

ಎಚ್‌ಇಐ ಹತ್ತಿರ ಮೀಟರ್ ಹಿಡಿದರೆ 9.4 ವೋಲ್ಟ್! ಹೊಸ ವೈರ್ ಎಳೆದ ಮೇಲೆ 13.6. ತಡವರಿಕೆ ಅವತ್ತೇ ಹೋಯಿತು. ರಾಡ್ ಎರಡು ಹೆಜ್ಜೆ, ಜೆಟ್ ಒಂದು ಹೆಜ್ಜೆ ಲೀನ್ ಮಾಡಿದೆ, ಟೈಮಿಂಗ್ ಒಟ್ಟು 26 ಇದ್ದದ್ದನ್ನು 35ಕ್ಕೆ ತಂದೆ. ಪ್ಲಗ್ ಈಗ ಬಿಸ್ಕತ್ತಿನ ಬಣ್ಣ. ಹೋದ ಭಾನುವಾರ ಐ-70ಯಲ್ಲಿ ಐಸನ್‌ಹೋವರ್ ಸುರಂಗದವರೆಗೂ ಹೋಗಿಬಂದೆ. ಅದು 11,000 ಅಡಿ ಮೇಲೆ, ಅಲ್ಲಿ ಮತ್ತೆ ಸ್ವಲ್ಪ ಮಂಕಾಯಿತು, ಆದರೆ ಲಾರಿಗಳನ್ನು ಹಿಂದೆ ಹಾಕಿದೆ.

ಗೇರ್‌ಬಾಕ್ಸ್ ಈಗ ಹುಡುಕುತ್ತಿದ್ದೇನೆ. ಅದರ ಲಾಕಪ್ ಕನ್ವರ್ಟರ್‌ಗೆ (ಹೈವೇಯಲ್ಲಿ ಜಾರದಂತೆ ಬಿಗಿಯಾಗುವುದು) ಕಂಪ್ಯೂಟರ್ ಬೇಕಾ?

---

ಓವರ್‌ಡ್ರೈವ್_ಗೌಡ

ಬೇಡ. 12 ವೋಲ್ಟನ್ನು ಬ್ರೇಕ್ ಸ್ವಿಚ್ ಮೂಲಕ ತಂದು, ನಾಲ್ಕನೇ ಗೇರಿನ ಪ್ರೆಶರ್ ಸ್ವಿಚ್‌ಗೆ ಕೊಟ್ಟರೆ ಆಯಿತು. ಬ್ರೇಕ್ ಒತ್ತಿದ ತಕ್ಷಣ ಲಾಕಪ್ ಬಿಡಬೇಕು, ಇಲ್ಲದಿದ್ದರೆ ನಿಲ್ಲುವಾಗ ಎಂಜಿನ್ ಆಫ್ ಆಗುತ್ತದೆ. ಕಿಟ್ ಸಿಗುತ್ತದೆ.

---

ಗ್ರೀಸ್‌ಕೈ

ಆ ಹಳೇ ಟರ್ಬೊ 350 ಮಾರುವುದಾದರೆ ಮೊದಲು ನನಗೆ ಹೇಳಿ ಸರ್. ಟ್ರೇಲರ್ ನಂದೇ ಇದೆ.