ಅನೊರೆಕ್ಸಿಯಾ ಇರುವ ತಂಗಿಗೆ ಮನೆಯಲ್ಲಿ ಊಟ ಮಾಡಿಸೋದು ಹೇಗೆ?

ತುಂಗಾತೀರ:
ತಂಗಿಗೆ 16. ಅನೊರೆಕ್ಸಿಯಾ (ದಪ್ಪ ಆಗಿಬಿಡ್ತೀನಿ ಅನ್ನೋ ಭಯಕ್ಕೆ ಊಟ ಬಿಡೋ ಮಾನಸಿಕ ಕಾಯಿಲೆ) ಅಂತ ಗೊತ್ತಾಗಿದೆ, ಮನೆಯಲ್ಲೇ ಊಟ ಮಾಡಿಸಿ ಅಂದಿದ್ದಾರೆ ಡಾಕ್ಟರು. ಚಪಾತಿ ಚೂರು ಮಾಡ್ತಾ ಕೂರ್ತಾಳೆ, ತುಪ್ಪ ಕಂಡ್ರೆ ತಟ್ಟೆ ತಳ್ತಾಳೆ. ಈಗ ಸಂಕಷ್ಟಿ, ಏಕಾದಶಿ ಬೇರೆ ಹಿಡಿದಿದ್ದಾಳೆ. ಬೈದಷ್ಟೂ ಬಿಗಿ ಆಗ್ತಾಳೆ.

ಹಿತ್ತಲಗಿಡ:
"ಎಷ್ಟು ಬಡಿಸಲಿ?" ಅಂತ ಕೇಳೋದು ಮೊದಲು ನಿಲ್ಲಿಸಿ. ಅದಕ್ಕೆ ಉತ್ತರ ಕೊಡೋದು ಅವಳಲ್ಲ, ಕಾಯಿಲೆ. ಲಂಡನ್ನಿನ ಮಾಡ್‌ಸ್ಲಿ ಆಸ್ಪತ್ರೆಯಲ್ಲಿ 1980ರ ದಶಕದಲ್ಲಿ ರೂಪುಗೊಂಡ ಕುಟುಂಬ ಚಿಕಿತ್ಸೆಯ ತಿರುಳೇ ಇದು: ಏನು, ಎಷ್ಟು ಅನ್ನೋದನ್ನು ಸದ್ಯಕ್ಕೆ ಅಪ್ಪ ಅಮ್ಮ ತೀರ್ಮಾನಿಸ್ತಾರೆ. ಹೊತ್ತು ತಪ್ಪದೆ ಮೂರು ಊಟ, ನಡುನಡುವೆ ಎರಡು ಮೂರು ಸಲ ತಿಂಡಿ. ಒಬ್ಬರು ಪಕ್ಕದಲ್ಲೇ ಕೂತು ತಾವೂ ಉಣ್ಣಬೇಕು. ಕೈ ನಿಂತರೆ "ಕಷ್ಟ ಅಂತ ಗೊತ್ತು, ಇನ್ನೊಂದು ತುತ್ತು" ಅನ್ನಿ, ಅಷ್ಟೇ. ತುಪ್ಪದ ಮೇಲೆ ವಾದಕ್ಕಿಳಿದರೆ ಅನ್ನ ಆರುತ್ತೆ, ತುತ್ತು ಇಳಿಯಲ್ಲ. ಬಚ್ಚಲಿಗೆ ಹೋಗೋದಿದ್ರೆ ಊಟಕ್ಕೆ ಮುಂಚೆ. ತಿಂದದ್ದನ್ನು ಗುಟ್ಟಾಗಿ ವಾಂತಿ ಮಾಡದ ಹಾಗೆ, ಆಮೇಲೆ ಒಂದು ಗಂಟೆ ಜೊತೆಗಿರಿ. ಚೌಕಾಬಾರ ಆಡಿ, ಧಾರಾವಾಹಿ ನೋಡಿ, ಏನಾದ್ರೂ ಸರಿ. ಕಾವಲು ಕಾಯ್ತಿದ್ದೀರಿ ಅನ್ನಿಸಬಾರದು. ಉಪವಾಸ ಬೇಡ ಅನ್ನೋದನ್ನು ಡಾಕ್ಟರ ಬಾಯಿಂದಲೇ ಹೇಳಿಸಿ, ಮನೆಯಲ್ಲಿ ದೇವರ ಜಗಳ ತಪ್ಪುತ್ತೆ.

ಬಿಳಿಕೋಟು:
ಮೇಲಿನದ್ದೆಲ್ಲ ಸರಿ, ಆದರೆ ಬಹಳ ದಿನ ಊಟ ಬಿಟ್ಟವರಿಗೆ ದಿಢೀರ್ ಅಂತ ರಾಶಿ ಬಡಿಸಬೇಡಿ. ಇನ್ಸುಲಿನ್ ಏರಿ, ರಕ್ತದಲ್ಲಿನ ಫಾಸ್ಫೇಟ್, ಪೊಟ್ಯಾಸಿಯಂ ಜೀವಕೋಶಗಳೊಳಗೆ ಸೇರಿಕೊಳ್ಳುತ್ತೆ. ರಕ್ತದಲ್ಲಿ ಅವು ಕಮ್ಮಿಯಾಗಿ ಹೃದಯದ ಬಡಿತವೇ ತಪ್ಪಬಹುದು. ಮೊದಲ ಎರಡು ವಾರದ ಅಳತೆಯನ್ನು ಡಾಕ್ಟರೇ ಹೇಳಲಿ. ಇಸಿಜಿ, ಫಾಸ್ಫೇಟ್, ಮೆಗ್ನೀಸಿಯಂ ಪರೀಕ್ಷೆ, ಥಯಾಮಿನ್ (ವಿಟಮಿನ್ ಬಿ1) ಬಗ್ಗೆ ಬಾಯಿಬಿಟ್ಟು ಕೇಳಿ. ಒಂದು ಸಲ ರಿಪೋರ್ಟ್ ನಾರ್ಮಲ್ ಬಂತು ಅಂತ ನಿರಾಳ ಆಗೋ ಹಾಗಿಲ್ಲ. ತಲೆಸುತ್ತಿ ಬಿದ್ದರೆ, ಎದೆ ನೋವು ಬಂದರೆ, ಕಾಲು ಊದಿದರೆ, ಹಗಲಲ್ಲೇ ನಾಡಿ ನಿಮಿಷಕ್ಕೆ 50ಕ್ಕಿಂತ ಇಳಿದರೆ ಅವತ್ತೇ ಆಸ್ಪತ್ರೆಗೆ ಕರಕೊಂಡು ಹೋಗಿ.

ಮಲ್ಲಿಗೆಮೊಗ್ಗು:
ನೆಂಟರನ್ನು ಮರೀಬೇಡಿ. "ಈಗ ಮೈ ತುಂಬಿಕೊಂಡು ಚೆನ್ನಾಗಿದ್ದೀಯಮ್ಮ" ಅನ್ನೋ ಮಾತು ಅವಳ ಕಿವಿಗೆ "ದಪ್ಪ ಆಗಿದ್ದೀಯ" ಅಂತಲೇ ಬೀಳುತ್ತೆ. ಹಬ್ಬಕ್ಕೆ ಮುಂಚೆ ಅತ್ತೆ, ಚಿಕ್ಕಮ್ಮಂದಿರಿಗೆ ಫೋನ್ ಮಾಡಿ ಹೇಳಿಬಿಡಿ: ಮೈ, ತಟ್ಟೆ ಎರಡರ ಸುದ್ದಿಯೂ ಬೇಡ. ಅಮ್ಮ ಸೋತರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ಹಗಲು ರಾತ್ರಿ ಇರುತ್ತೆ. ತಂಗಿ ಸಾಯೋ ಮಾತಾಡಿದರೆ ಒಬ್ಬಳನ್ನೇ ಬಿಡಬೇಡಿ.

ತುಂಗಾತೀರ:
ಕಾಲೇಜಿನ ಡಬ್ಬಿ?

ಹಿತ್ತಲಗಿಡ:
ಖಾಲಿ ಡಬ್ಬಿ ನಂಬಬೇಡಿ. ನಂಬಿಕಸ್ಥ ಲೆಕ್ಚರರ್ ಒಬ್ಬರ ಜೊತೆ ಸ್ಟಾಫ್ ರೂಮಲ್ಲಿ ಊಟ, ಇಲ್ಲಾ ಸದ್ಯಕ್ಕೆ ಮಧ್ಯಾಹ್ನ ಮನೆಗೆ.